ಬಲಗಡೆಯಿಂದ ತೆರೆದ ಊರು

ಸ್ಟಾಕ್‌ಹೋಮ್ ನಗರವನ್ನು ನಾವೇ ನಡೆದು ನೋಡಲೆಂದು ಹೋಟೆಲಿನವರು ಚಿತ್ರಗಳಿದ್ದ ಪುಸ್ತಕವೊಂದನ್ನು ಕೊಟ್ಟರು. ಪುಟಕ್ಕೊಂದು ಜಾಗ. ನಾನೂ ಹೆಂಡತಿಯೂ ಗುಡ್ಡದ ಮೇಲಿನ ಚರ್ಚಿನಿಂದ ಶುರು ಮಾಡಿದೆವು. ಯಾವ ಪುಟ ತೆರೆದರೂ ಅದು ನಾವು ಬಿಟ್ಟು ಬಂದ ಕಡೆಗೇ ದಾರಿ ತೋರಿಸುತ್ತಿತ್ತು. ಹಾಳಾದ ಪುಸ್ತಕವೆಂದು ಬೈಯುತ್ತಲೇ ನಡೆದೆ. ಸಂಜೆ ಕಾಲು ಬಾತು, ರೈಲು ನಿಲ್ದಾಣದ ಮುಂದೆ ಕುಸಿದು ಕುಳಿತಾಗ ಒಂದೇ ಪುಟ ಉಳಿದಿತ್ತು: 'ಇಲ್ಲಿಂದ ಹೊರಡಿ. ಮೆತ್ತನೆಯ ಬೂಟು ಹಾಕಿಕೊಳ್ಳಿ.'

ನಾನು ಭಾಲ್ಕಿಯ ಶಾಲೆಯಲ್ಲಿ ಉರ್ದು ಓದಿದವನು. ಉರ್ದು ಪುಸ್ತಕ ತೆರೆಯುವುದು ಬಲಗಡೆಯಿಂದ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೇ ನನ್ನ ಕೈಗೆ ಕನ್ನಡ ಪುಸ್ತಕ ಬಂದದ್ದು.

"ಹಿಂಗ ತೆರೀಬಾರ್ದಂತ ನಿಮ್ಮ ಕನ್ನಡ ಮಾಸ್ತರು ಹೇಳ್ಲಿಲ್ಲೇನ್ರಿ?" ಎಂದಳು ಹೆಂಡತಿ, ಬೂಟು ಕಳಚುತ್ತ.

"ಏನ್ ಹೇಳ್ತಾರ? ಅವ್ರೂ ಬಲಗಡಿಂದೇ ತೆರೀತಿದ್ರು."