ಕಾಗೆ ಓಡಿಸುವ ಊರಿನಲ್ಲಿ

ಮದರಾಸಿಗೆ ಬಂದ ಮಾರನೆಯ ದಿನ ಅಕ್ಕ ನನ್ನನ್ನು ಸ್ಟುಡಿಯೋ ನೋಡಲು ಕರೆದುಕೊಂಡು ಹೋದಳು. ಅಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಚಿತ್ರಕ್ಕೆಂದು ಕಟ್ಟಿದ್ದ ಅರಮನೆಯಲ್ಲ. ಒಬ್ಬ ಮನುಷ್ಯ ಉದ್ದನೆಯ ಬಿದಿರುಕೋಲು ಹಿಡಿದು ಮರದಿಂದ ಮರಕ್ಕೆ ಓಡುತ್ತಾ ಕಾಗೆ ಓಡಿಸುತ್ತಿದ್ದ. ಅದೇ ಅವನ ಕೆಲಸ, ಅದಕ್ಕೇ ಅವನಿಗೆ ಸಂಬಳ. ಟಾಕಿ ಚಿತ್ರವನ್ನು ಬಯಲಿನಲ್ಲಿ, ಬಿಸಿಲಿದ್ದಾಗಲೇ ತೆಗೆಯುತ್ತಾರೆ. ಮಾತನ್ನೂ ಆಗಲೇ ಹಿಡಿಯುತ್ತಾರೆ. ರಾಣಿ ಮಾತಾಡುವಾಗ ಕಾಗೆ ಕೂಗಿದರೆ ಅದೂ ಒಳಗೆ ಸೇರಿಕೊಳ್ಳುತ್ತದೆ. ನಮ್ಮ ಮೊಳಕಾಲ್ಮುರಿನಲ್ಲಿ ಸತ್ತವರಿಗೆ ಎಡೆ ಇಟ್ಟು, ಕಾಗೆ ಬಂದು ಮುಟ್ಟಲಿ ಎಂದು ಕೈಮುಗಿದು ಕಾಯುತ್ತೇವೆ. ಇಲ್ಲಿ ದುಡ್ಡು ಕೊಟ್ಟು ಓಡಿಸುತ್ತಾರಲ್ಲ ಎಂದು ನಾನು ಬಾಯಿಬಿಟ್ಟು ನೋಡುತ್ತಾ ನಿಂತೆ. ಮುನುಸಾಮಿ ಎಂಬ ಆ ಮನುಷ್ಯ ನನ್ನನ್ನೂ ಕೋಲಿನಿಂದ ಆಚೆ ಸರಿಸಿದ.

ಅಕ್ಕ ಎಂದರೆ ನಮ್ಮ ತಿಪ್ಪಮ್ಮ. ಗೋಡೆಗೆ ಹಚ್ಚುವ ಜಾಹೀರಾತುಗಳಲ್ಲಿ ಹೇಮಾಂಗಿ. ಎರಡು ಹೆಸರಿನವಳೂ ಈಗ ಇಲ್ಲ. ಅವಳು ಹೋದ ಮೇಲೂ ನಾನು ಇಲ್ಲೇ ಇದ್ದೇನೆ. ಯಾಕೆ ಎಂದು ಊರಿನವರು ಕೇಳುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ರೇಷ್ಮೆ ನೇಯುವ ಮನೆ. ಬೆಳಗಿನಿಂದ ಮಗ್ಗದ ಸದ್ದು ನಿಲ್ಲುವುದಿಲ್ಲ. ಅದನ್ನು ಮೀರಿ ಕೂಗಿದರೇ ಅಡುಗೆಮನೆಯಲ್ಲಿದ್ದವರಿಗೆ ಕೇಳುವುದು. ಆ ಗಂಟಲೇ ಅಕ್ಕನನ್ನು ಊರು ಬಿಡಿಸಿತು. ಚಳ್ಳಕೆರೆಯಲ್ಲಿ ನಾಟಕ ಕಂಪನಿ ಬಿಡಾರ ಹೂಡಿದ್ದಾಗ ಅಪ್ಪನ ಜೊತೆ ಅವರಿಗೆ ಸೀರೆ ಕೊಡಲು ಹೋಗಿದ್ದಳು. ಅವಳ ಮಾತು ಕೇಳಿದ ಮಾಲೀಕರು, "ಈ ಹುಡುಗಿ ಧ್ವನಿ ಕೊನೇ ಸಾಲಿಗೂ ಮುಟ್ಟುತ್ತೆ," ಎಂದರಂತೆ. ಅಕ್ಕ ಹೊರಟು ನಿಂತಳು. ಅವ್ವ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದು ನನಗೆ ನೆನಪಿದೆ: "ಹೋದ್ರೆ ಹೋಗು. ಇನ್ನೊಂದ್ಸಲ ನನ್ನ ಅವ್ವಾ ಅಂತ ಕರೀಬೇಡ."

ಕಂಪನಿಯಲ್ಲಿ ಮೊದಲು ಅವಳ ಬಾಯಿಂದ 'ಐತೆ' ಬಿಡಿಸಿ 'ಇದೆ' ಕಲಿಸಿದರಂತೆ. ಆಮೇಲೆ ಎಷ್ಟೋ ಊರುಗಳಲ್ಲಿ ರಾಣಿಯಾದಳು. ಟಾಕಿ ಬಂದ ಮೇಲೆ ತೆಲುಗು ಚಿತ್ರಕ್ಕೆಂದು ಮದರಾಸಿಗೆ ಕರೆಸಿದರು. ಗಂಡ ತೀರಿಕೊಂಡು ನಾನು ತವರಿನಲ್ಲಿದ್ದೆ. ಅಕ್ಕನಿಗೆ ಅಡುಗೆ ಮಾಡಿ ಹಾಕಲು ರಾಯದುರ್ಗದಲ್ಲಿ ರೈಲು ಹತ್ತಿದೆ. "ನೀನೂ ಹೋಗ್ತೀಯಾ?" ಎಂದಳು ಅವ್ವ. ತಡೆಯಲಿಲ್ಲ. ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟಳು. ಬಿಚ್ಚಿ ನೋಡಿದರೆ ಒಬ್ಬಳು ತಿನ್ನುವುದಕ್ಕಿಂತ ಬಹಳ ಹೆಚ್ಚಿದ್ದವು.

ಇಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟವಾಯಿತು. ನಾಟಕದವರು ಎಂದರೆ ಬಾಗಿಲು ಹಾಕುತ್ತಿದ್ದರು. ಕೊನೆಗೆ ಕೊಟ್ಟ ಮುದುಕಿಯೂ ಗೆಜ್ಜೆ ಸದ್ದು ಕೇಳಬಾರದು ಎಂದಳು. ನಮ್ಮಲ್ಲಿ ಬಿಸಿಲು ಸುಡುತ್ತದೆ, ಇಲ್ಲಿ ಬೇಯಿಸುತ್ತದೆ. ಒಗೆದ ಸೀರೆ ಒಣಗುವಷ್ಟರಲ್ಲಿ ಉಟ್ಟ ಸೀರೆ ನೆನೆದಿರುತ್ತದೆ. ರಾಗಿಗೆ ಇಲ್ಲಿ ಕೇವರಗು ಎನ್ನುತ್ತಾರೆ, ಅಂಬಲಿಯಂತೆ ಕಾಸಿ ಕುಡಿಯುತ್ತಾರೆ. ನಾನು ಮುದ್ದೆ ತಿರುವುವುದನ್ನು ನೋಡಲು ಮುದುಕಿ ಅಡುಗೆಮನೆಗೇ ಬಂದು ಕೂತಳು. ಒಂದು ತುತ್ತು ಕೊಟ್ಟೆ. ಅಗಿಯಬೇಕೋ ನುಂಗಬೇಕೋ ತಿಳಿಯದೆ ಒದ್ದಾಡಿದಳು. ಆವತ್ತಿನಿಂದ ಗೆಜ್ಜೆಯ ಮಾತು ತೆಗೆಯಲಿಲ್ಲ.

ಊರಿನಲ್ಲಿ ಅರ್ಧ ಕೇರಿ ತೆಲುಗು ಮಾತಾಡುತ್ತದೆ, ನಮಗೂ ಬರುತ್ತದೆ ಎಂದುಕೊಂಡಿದ್ದೆವು. ಇಲ್ಲಿ ಪಾಠ ಹೇಳುವ ಪಂಡಿತರು ಅದನ್ನು ಕೇಳಿ, "ಇದು ಯಾವ ದೇಶದ ತೆಲುಗು, ತಾಯಿ?" ಎಂದರು. ಧ್ವನಿ ಹಿಡಿಯುವವನದು ಬೇರೆಯೇ ತಕರಾರು. ಕಿವಿಯ ಮೇಲಿನ ಯಂತ್ರ ಕಿತ್ತು, "ಮೆಲ್ಲಗಾ ಅಮ್ಮಾ, ಮೆಲ್ಲಗಾ!" ಎಂದು ಬೇಡಿಕೊಳ್ಳುತ್ತಿದ್ದ. ಮೆಲ್ಲಗೆ ಮಾತಾಡಿ ಎಂದು ಅರ್ಥ.

"ಮೆಲ್ಲಗೆ ಅಂದ್ರೆ ಹೆಂಗೇ?" ಎಂದು ಅಕ್ಕ ನನ್ನನ್ನು ಕೇಳಿದಳು. "ನಮ್ಮನೇಲಿ ಯಾರಾದ್ರೂ ಮೆಲ್ಲಗೆ ಮಾತಾಡಿದ್ದು ಕೇಳಿದೀಯಾ?"

ಕಲಿತಳು. ಮಗ್ಗ ಇಲ್ಲದ ಮನೆಯವರ ಹಾಗೆ ಮಾತಾಡುವುದನ್ನೂ ಕಲಿತಳು.

ಒಂದು ದಿನ ರಾಣಿ ಕಾಡಿನಲ್ಲಿ ಬರಿಗಾಲಿನಲ್ಲಿ ನಡೆಯುವ ಭಾಗ ತೆಗೆಯುತ್ತಿದ್ದರು. ಕಾಡಿಗೆಂದು ತಂದು ಹರಡಿದ್ದ ಜಾಲಿಮುಳ್ಳು ನಿಜವಾಗಿಯೂ ಅಕ್ಕನ ಕಾಲಿಗೆ ಹೊಕ್ಕಿತು. ಪಂಡಿತರು ಹೇಳಿಕೊಟ್ಟದ್ದು 'ಅಯ್ಯೋ ದೈವಮಾ'. ಬಾಯಿಂದ ಬಂದದ್ದು "ಯವ್ವಾ!" ಎಲ್ಲರೂ ನಕ್ಕರು. ಬಿಸಿಲು ಇಳಿಯುತ್ತಿತ್ತು, ಫಿಲ್ಮೂ ದುಬಾರಿ, ಇರಲಿ ಬಿಡಿ ಎಂದರು ನಿರ್ದೇಶಕರು. ಮನೆಗೆ ಬರುವಾಗ ಜಟಕಾದಲ್ಲಿ ಅಕ್ಕ ಕಾಲು ಒತ್ತಿಕೊಳ್ಳುತ್ತಾ, "ಕರೀಬೇಡ ಅಂದಿದ್ಲು. ಕರೆದ್ಬಿಟ್ಟೆ ನೋಡು," ಎಂದಳು.

ಆ ಚಿತ್ರ ಊರೂರು ತಿರುಗುತ್ತಿದ್ದಾಗ ಅಕ್ಕ ವಿಷಮಜ್ವರದಲ್ಲಿ ತೀರಿಕೊಂಡಳು. ಸುದ್ದಿ ಕಳಿಸಿದರೂ ಅವ್ವ ಬರಲಿಲ್ಲ. ನಾನೇ ಊರಿಗೆ ಹೋದೆ. ಅವ್ವ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ಅಳಲಿಲ್ಲ, ಎಡೆಯನ್ನೂ ಇಟ್ಟಿರಲಿಲ್ಲ. "ಅವ್ಳು ಕಂಪನಿಗೆ ಹೋದಾಗ್ಲೇ ಅತ್ತು ಮುಗಿಸೀನಿ," ಎಂದಳು.

ಆಗ ಚಳ್ಳಕೆರೆಗೆ ಟೆಂಟು ಬಂದಿತ್ತು. ಅದೇ ಚಿತ್ರ. ಅಕ್ಕ ಅವ್ವನನ್ನು ಕರೆದದ್ದು ಅವ್ವನ ಕಿವಿಗೆ ಬೀಳದೆ ಹೋಗಬಾರದು ಎಂದು ನನಗೆ ಹಟ ಬಂತು.

"ಇವತ್ತೇ ಕೊನೇ ಆಟ, ನಾಳೆ ಟೆಂಟು ಕಿತ್ಕೊಂಡು ಹೋಗ್ತಾರೆ. ಬಾರವ್ವ."

"ಯಾರೇ ಅದು ಹೇಮಾಂಗಿ? ನಾನು ಹಡೆದಿದ್ದು ತಿಪ್ಪಿನ."

"ತಿಪ್ಪಿನೇ ಅವ್ವ. ಬಣ್ಣ ಹಚ್ಕೊಂಡವ್ಳೆ ಅಷ್ಟೆ."

ರಾಟೆ ನಿಲ್ಲಿಸಿ, "ಮಂಡಕ್ಕಿ ಕೊಡಿಸ್ತೀಯಾ?" ಎಂದಳು.

ಟೆಂಟಿನಲ್ಲಿ ಸೆರಗು ಬಿಗಿಯಾಗಿ ಹೊದ್ದು ಕೂತಳು. ಪರದೆಯ ಮೇಲೆ ಅಕ್ಕ ಚಂದದ ತೆಲುಗಿನಲ್ಲಿ, ಮೆಲ್ಲಗೆ ಮಾತಾಡುತ್ತಿದ್ದಳು. ಅವ್ವ ನನ್ನ ಕಿವಿಯ ಹತ್ತಿರ ಬಂದು, "ಇವ್ಳು ನನ್ನ ಮಗಳಲ್ಲ ಬಿಡು," ಎಂದಳು. "ನನ್ನ ಮಗಳು ಇಷ್ಟು ಮೆಲ್ಲಗೆ ಎಲ್ಲಿ ಮಾತಾಡ್ತಾಳೆ?"

ಕಾಡು ಬಂತು. ಮುಳ್ಳು ಬಂತು.

"ಯವ್ವಾ!"

ಅವ್ವ ಎದ್ದು ನಿಂತೇಬಿಟ್ಟಳು. "ನೋಡ್ಕೊಂಡು ನಡೀಬಾರ್ದೇನೇ, ತಿಪ್ಪೀ!"

ಮಗ್ಗವನ್ನು ಮೀರಿಸುವ ಅದೇ ಗಂಟಲು. ಟೆಂಟಿಗೆ ಟೆಂಟೇ ತಿರುಗಿ ನೋಡಿತು. "ಕೂತ್ಕಳಜ್ಜಿ, ರಾಣಿ ಕಾಣಲ್ಲ," ಎಂದು ಹಿಂದಿನಿಂದ ಯಾರೋ ಕೂಗಿದರು. ಅವ್ವ ಕೂತಳು. ಮಂಡಕ್ಕಿ ನೆಲದ ಪಾಲಾಯಿತು. ಆಟ ಮುಗಿಯುವವರೆಗೂ ನನ್ನ ಕೈ ಬಿಡಲಿಲ್ಲ.

ಮಾರನೆಯ ದಿನ ಅವ್ವನೇ ಮುದ್ದೆ, ಹುರುಳಿಕಾಳಿನ ಸಾರು ಮಾಡಿ ಮಾಳಿಗೆಯ ಮೇಲೆ ಎಡೆ ಇಟ್ಟಳು. ಕಾಗೆ ಬರುವುದು ತಡವಾಯಿತು. "ಬಾರೇ, ಸಾಕು ಸಿಟ್ಟು," ಎಂದು ಬೈದಳು. ಆಮೇಲೆ ಬಂತು.

ನಾನು ಮದರಾಸಿಗೆ ಮರಳಿದೆ. ಸ್ಟುಡಿಯೋದಲ್ಲಿ ರಾಣಿಯರಿಗೆ ಸೀರೆ ಉಡಿಸುವ ಕೆಲಸ ಕೊಟ್ಟಿದ್ದಾರೆ. ರೇಷ್ಮೆ ಮುಟ್ಟಿದರೆ ಯಾವ ಊರಿನದು ಎಂದು ಹೇಳಬಲ್ಲೆ. ನಾನು ಯಾವ ಊರಿನವಳು ಎಂದು ಕೇಳಿದರೆ ಮಾತ್ರ ತಡವರಿಸುತ್ತೇನೆ. ಊರಿಗೆ ಹೋದಾಗ ಬಾಯಿಗೆ 'ಇದೆ' ಬರುತ್ತದೆ, ಕೇರಿಯವರು ನಗುತ್ತಾರೆ. ಇಲ್ಲಿ ಯಾರೊಂದಿಗೂ 'ಐತೆ' ಎನ್ನುವ ಹಾಗಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಬಂದವಳು ಸ್ಟುಡಿಯೋದ ಗೋಡೆಯ ಮೇಲೆ ಒಂದು ಹಿಡಿ ಅನ್ನ ಇಡುತ್ತೇನೆ. ಮುನುಸಾಮಿ ಮೊದಮೊದಲು ಜಗಳವಾಡಿದ. "ನೀಂಗ ಕೂಪ್ಪಿಡ್ರೀಂಗ, ನಾನ್ ವೆರಟ್ಟುರೇನ್" ಎಂದ. ನೀವು ಕರೀತೀರಿ, ನಾನು ಓಡಿಸ್ತೀನಿ ಎಂದು. ಯಾರಿಗೆ ಇಡುತ್ತೇನೆಂದು ಗೊತ್ತಾದ ಮೇಲೆ, ಕಾಗೆ ತಿನ್ನುವವರೆಗೂ ಕೋಲನ್ನು ಬೆನ್ನ ಹಿಂದೆ ಹಿಡಿದು ನಿಲ್ಲುತ್ತಾನೆ. ಅಷ್ಟರಲ್ಲಿ ಚಿತ್ರ ತೆಗೆಯಲು ಸೀಟಿ ಊದುತ್ತಾರೆ. ಅವನು ಕೋಲು ಎತ್ತುತ್ತಾನೆ. ನಾನೂ ಚಪ್ಪಾಳೆ ತಟ್ಟಿ ಓಡಿಸುತ್ತೇನೆ.