ಜಲನಗರದ ನಾಯಿಯ ಐದನೇ ರೂಪ

ಜಲನಗರದ ಜನರ ಬಾಯಿ ದೊಡ್ಡದು. ಆ ಬಾಯಿ ತೆರೆಯಲೇಬೇಕಾದ ದಿನ ಅದಕ್ಕೆ ಬೀಗ ಬಿದ್ದಿತ್ತು. ಅದನ್ನು ಮಿನಾಜ ಇನ್ನೂ ಮರೆತಿಲ್ಲ, ಮರೆಯುವ ಇರಾದೆಯೂ ಅವಳಿಗಿಲ್ಲ.

ಮಿನಾಜ ಚಿತ್ರ ಬರೆಯುವವಳು. ತಂದೆ ಮಲಂಗಸಾಬ ದಿನಾ ಬಸ್ಸು ಹತ್ತಿ ತಿಕೋಟಾದ ದವಾಖಾನೆಗೆ ಕೆಲಸಕ್ಕೆ ಹೋದರೆ, ಇವಳು ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಎದುರು ಕೂತು ಕಾರ್ಟೂನ್ ಸಿನಿಮಾಗಳಿಗೆ ಪಾತ್ರಗಳನ್ನು ರೂಪಿಸಿ ಕಳಿಸುತ್ತಾಳೆ. ಈ ಸಲ ಬೆಂಗಳೂರಿನ ಕಂಪನಿಯೊಂದು ದೊಡ್ಡ ಕೆಲಸ ಕೊಟ್ಟಿತ್ತು: ಕಥೆಯ ಹುಡುಗಿಯ ಜೊತೆ ಊರೂರು ತಿರುಗುವ, ಎದುರಿಗಿದ್ದವರಿಗೆ ತಕ್ಕಂತೆ ರೂಪ ಬದಲಿಸುವ ಒಂದು ಪ್ರಾಣಿ. ಬೇರೆಯವರಾಗಿದ್ದರೆ ಹುಲಿ, ಹದ್ದು ಎಂದು ಹೊರಡುತ್ತಿದ್ದರು. ಮಿನಾಜ ಕಿಟಕಿಯಾಚೆ ನೋಡಿದಳು. ಅಲ್ಲಿ ಕೆಂದು ಬಣ್ಣದ ಬೀದಿನಾಯಿಯೊಂದು ಮಂತ್ರವಿಲ್ಲದೆ, ಮಾಯೆಯಿಲ್ಲದೆ, ದಿನಾ ನಾಲ್ಕು ರೂಪ ತಾಳುತ್ತಿತ್ತು.

ನಿವೃತ್ತ ಗುಮಾಸ್ತ ಗುರುಪಾದಯ್ಯನವರ ಗೇಟಿನ ಮುಂದೆ ಅದು ಭೈರವ, ಎದೆಯುಬ್ಬಿಸಿ ಹೋಗಿಬರುವವರಿಗೆಲ್ಲ ಗುರ್ ಎನ್ನುವ ಕಾವಲುಗಾರ. ಬಬಲೇಶ್ವರದ ಶಾಲೆಗೆ ಹೋಗಿಬರುವ ಟೀಚರ್ ಸುಧಾರಾಣಿಯ ಸ್ಕೂಟರ್ ಸಪ್ಪಳ ಕೇಳಿದರೆ ಸಾಕು, ಹೊಟ್ಟೆ ಮೇಲೆ ಮಾಡಿ ಹೊರಳಾಡುವ ಮರಿ, ಹೆಸರು ಚಿಂಟು. ಮೂಲೆಯ ಮಟನ್ ಅಂಗಡಿಯ ಯಾಕೂಬನ ಎದುರು ಮುಂಗಾಲೆತ್ತಿ ಕುಂಟುವ ಲಂಗ್ಡಾ. ಎಲುಬು ಬಾಯಿಗೆ ಬಿದ್ದ ಮೇಲೆ ನೋಡಬೇಕು, ನಾಲ್ಕೂ ಕಾಲಿನ ಓಟ! ಮಿನಾಜಳ ಮನೆಯಲ್ಲಿ ಮಾತ್ರ ಅದಕ್ಕೆ ಹೆಸರಿಲ್ಲ. ನಮಾಜು ಮಾಡುವ ಮನೆ, ನಾಯಿ ಒಳಗೆ ಬರಕೂಡದೆಂದು ತಾಯಿ ಸುರೈಯಾಳ ಕಟ್ಟಪ್ಪಣೆ. ಅವಳು ಹೊಸ್ತಿಲ ಹೊರಗೆ ರೊಟ್ಟಿ ಇಡುತ್ತಾಳೆ, ಅದು ಬೀಗರ ಹಾಗೆ ಗಂಭೀರವಾಗಿ ಕೂತು ತಿನ್ನುತ್ತದೆ.

ನಾಲ್ಕೂ ರೂಪ ಬೆಂಗಳೂರಿನಲ್ಲಿ ಪಾಸಾದವು. ಆದರೆ ನಿರ್ದೇಶಕ ಒಂದು ಗಂಟು ಹಾಕಿದ. “ಯಾರೂ ಇಲ್ಲದಾಗ ಇದು ಹೇಗಿರುತ್ತೆ? ಇದರ ಸ್ವಂತ ರೂಪ ಯಾವುದು? ಅದು ಸಿಗದಿದ್ದರೆ ಪಾತ್ರವನ್ನು ಬೇರೆಯವರ ಕೈಗೆ ಕೊಡಬೇಕಾಗುತ್ತೆ.” ಮಿನಾಜ ಬರೆದಳು, ಅಳಿಸಿದಳು. ನಾಯಿಯ ಹಿಂದೆ ಗಲ್ಲಿಗಲ್ಲಿ ತಿರುಗಿದಳು. ಇವಳನ್ನು ಕಂಡೊಡನೆ ಅದು ಬೀಗರಾಗಿಬಿಡುತ್ತಿತ್ತು.

ಅಂಥದ್ದರಲ್ಲಿ ಒಂದು ಮುಂಜಾನೆ ನಾಯಿ ಹಿಡಿಯುವ ವ್ಯಾನು ಬಂತು. ಯಾರೋ ಖಾಸಗಿ ಗುತ್ತಿಗೆದಾರನದು. ಹಿಡಿದ ನಾಯಿಗಳನ್ನು ಎಲ್ಲಿಗೆ ಒಯ್ಯುತ್ತೀರಿ ಎಂದರೆ ಕೈ ಬೀಸಿ ಊರಾಚೆ ತೋರಿಸುವವರು. ಹೋದದ್ದು ಒಂದೂ ತಿರುಗಿ ಬಂದದ್ದಿಲ್ಲ. ಬೀದಿನಾಯಿಗಳ ಕಾಟ ಹೆಚ್ಚಾಯಿತೆಂದು ಕರೆಸಿದವರು ಓಣಿಯ ಹಿರಿಯರು, ಅವರಿಗೆ ಗುರುಪಾದಯ್ಯನವರೇ ಮುಂದಾಳು. ಕೆಂದು ನಾಯಿಯ ಕೊರಳಿಗೆ ತಂತಿಯ ಕುಣಿಕೆ ಬಿತ್ತು. ವ್ಯಾನಿನವನು ಸುತ್ತ ನೋಡಿ ಕೂಗಿದ: “ಯಾರರ ಸಾಕಿದ್ದೈತೇನ್ರಿ ಇದು? ಇದ್ರ ಹೇಳ್ರಿ, ಬಿಟ್ಟ ಹೋಗ್ತೇವಿ.”

ಒಂದು ಮಾತು ಸಾಕಿತ್ತು. ನಾಯಿ ಗುರುಪಾದಯ್ಯನವರ ಗೇಟಿನತ್ತ ತಿರುಗಿ ಎದೆಯುಬ್ಬಿಸಿ ಗುರ್ ಎಂದಿತು. “ಬೀದಿ ನಾಯಿ ಅದು, ನನಗೇನ ಗೊತ್ತು?” ಎಂದರು ಆ ಮಹಾನುಭಾವರು. ಸುಧಾರಾಣಿಯನ್ನು ಕಂಡು ಕುಣಿಕೆಯಲ್ಲೇ ಹೊಟ್ಟೆ ಮೇಲೆ ಮಾಡಿತು. ಟೀಚರ್ ಹೆಲ್ಮೆಟ್ಟಿನ ಗಾಜು ಇಳಿಸಿ ಸ್ಕೂಟರ್ ಚಾಲು ಮಾಡಿದಳು. ಎದ್ದು ಯಾಕೂಬನ ಕಡೆ ಕುಂಟಿತು. ಯಾಕೂಬ ಕತ್ತಿ ಮಸೆಯುತ್ತ ತಲೆಯನ್ನೇ ಎತ್ತಲಿಲ್ಲ. ದಿನಾ ಹೆಸರು ಹಿಡಿದು ಕರೆದು ಮುದ್ದು ಮಾಡಿದ ನಾಲಿಗೆಗಳು ಇವೇ. ನಾಚಿಕೆ ಅನ್ನುವುದು ಒಬ್ಬರಿಗಾದರೂ ಬೇಡವೇ?

ಮಿನಾಜಳ ಮೈ ಉರಿದುಹೋಯಿತು. ಬರಿಗಾಲಲ್ಲೇ ಓಡಿಬಂದಳು. “ನಮ್ದ ಐತ್ರಿ! ಬಿಡ್ರಿ ಅದನ್ನ!”

“ನಿಮ್ದಾದ್ರ ಮನಿಯೊಳಗ ಕರೀರಿ, ನೋಡೂಣು,” ಎಂದು ವ್ಯಾನಿನವನು ತಂತಿ ಸಡಿಲಿಸಿದ.

ಮಿನಾಜ ಒಳಗೆ ನಿಂತು ಕರೆದಳು, ಗೋಗರೆದಳು. ನಾಯಿ ಓಡಿ ಬಂತು. ಬಂದು ಹೊಸ್ತಿಲ ಹೊರಗೆ ಮರ್ಯಾದೆಯಿಂದ ಕೂತಿತು. ಅಲ್ಲಿಂದ ಒಂದು ಹೆಜ್ಜೆ ಮುಂದಿಡಲಿಲ್ಲ.

“ಒಳಗ ಬರವಲ್ದು, ನಿಮ್ದ ಹೆಂಗಾತ್ರಿ?” ವ್ಯಾನಿನವನು ನಕ್ಕ. ಗುರುಪಾದಯ್ಯನವರೂ ನಕ್ಕರು.

ಆ ನಗು ಕೇಳಿ ಸುರೈಯಾ ಸೆರಗು ಬಿಗಿದುಕೊಂಡು ಹೊರಗೆ ಬಂದಳು. ಎಂದೂ ನಾಯಿ ಮುಟ್ಟದವಳು ಅದರ ಕೊರಳಿಗೇ ಕೈ ಹಾಕಿದಳು. “ಒಳಗ ಬರಬ್ಯಾಡ ಅಂತ ನಾನ ಹೇಳೇನಿ, ಅದು ಕೇಳೈತಿ. ಯಾರ ಮಾತ ಕೇಳ್ತೈತಿ, ಅವರ್ದ ನಾಯಿ. ತಗೀರಿ ಈ ತಂತಿ!”

ವ್ಯಾನಿನವನು ಸುರೈಯಾಳ ಕೈಯನ್ನೊಮ್ಮೆ ನೋಡಿ ಬಗ್ಗಿದ. ತಂತಿ ತೆಗೆದು ಹೊರಟುಹೋದ.

ವ್ಯಾನು ಹೋದ ಮೇಲೆ ನಾಯಿ ಗುರ್ ಎನ್ನಲಿಲ್ಲ, ಹೊರಳಲಿಲ್ಲ, ಕುಂಟಲಿಲ್ಲ. ಕಂಪೌಂಡಿನ ಗೋಡೆಗೆ ಮೈಯೊತ್ತಿಕೊಂಡು, ಬಾಲವನ್ನು ಕಾಲಸಂದಿಗೆ ಸೇರಿಸಿ, ಯಾರನ್ನೂ ನೋಡದೆ ನಡುಗುತ್ತಿತ್ತು. ರೊಟ್ಟಿ ತಂದಿಟ್ಟರೂ ಅತ್ತ ಮುಖ ಮಾಡಲಿಲ್ಲ. ಮಿನಾಜ ಕಿಟಕಿಯಿಂದ ಬಹಳ ಹೊತ್ತು ನೋಡಿದಳು. ಕಣ್ಣೊರೆಸಿಕೊಂಡು ಅದನ್ನೇ ಐದನೇ ರೂಪವೆಂದು ಬರೆದು, ಸಂಜೆಯೊಳಗೆ ಕಳಿಸಿಬಿಟ್ಟಳು.

ಮರುದಿನ ನಿರ್ದೇಶಕನ ಫೋನು ಬಂತು. “ಚಿತ್ರ ಚೆನ್ನಾಗಿದೆ ಮಿನಾಜ. ಆದರೆ ಮಕ್ಕಳ ಸಿನಿಮಾ ಅಲ್ವಾ? ಇಷ್ಟು ಹೆದರಿಕೊಂಡಿರೋದು ಬೇಡ. ಬಾಲ ಒಂಚೂರು ಅಲ್ಲಾಡಿಸಲಿ.”

ಮಿನಾಜಳ ಸಿಟ್ಟು ಇನ್ನೂ ಆರಿರಲಿಲ್ಲ.

“ಅಲ್ಲಾಡಸ್ತೈತ್ರಿ ಸರ್,” ಎಂದಳು. “ಯಾರ ಮುಂದ ಅಲ್ಲಾಡಸ್ಬೇಕು ಅನ್ನೂದನ್ನ ನೀವ ಹೇಳ್ರಿ.”