ಮಡಿಕೆಯ ಮೇಲಿನ ಕಾಲುದಾರಿ

ನಾನು ಫ್ರಾನ್ಸಿಗೆ ಹೋದವಳಲ್ಲ. ಹೋಗಬೇಕೆಂಬ ಆಸೆಯೂ ಇರಲಿಲ್ಲ. ಆದರೆ ಅಲ್ಲಿನ ಒಂದು ಸಣ್ಣ ಹಳ್ಳಿಯಲ್ಲಿ ಯಾವ ಮನೆಯ ಹಿತ್ತಿಲು ಎಲ್ಲಿಗೆ ಮುಗಿಯುತ್ತದೆ, ಯಾವ ಗೋಡೆಗೆ ಹಳೆಯ ಕೋಟೆಯ ಕಲ್ಲು ಹಾಕಿದ್ದಾರೆ, ಯಾವ ಓಣಿಯಲ್ಲಿ ಗಾಡಿ ತಿರುಗುವುದಿಲ್ಲ ಎಂದು ಕೇಳಿದರೆ ಥಟ್ಟನೆ ಹೇಳಿಬಿಡುತ್ತೇನೆ. ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ ನನ್ನ ಎದುರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಮಾತ್ರ ನನಗೆ ಗೊತ್ತಿಲ್ಲ.

ನನ್ನ ಕೆಲಸ ನಕ್ಷೆ ತಿದ್ದುವುದು. ಫ್ರಾನ್ಸಿನ ಹಳ್ಳಿಗಳ ಇನ್ನೂರು ವರ್ಷ ಹಳೆಯ ಜಮೀನು ನಕ್ಷೆಗಳನ್ನು ಅಲ್ಲಿಯವರು ಸ್ಕ್ಯಾನ್ ಮಾಡಿ ಇದೇ ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನಲ್ಲಿರುವ ನಮ್ಮ ಆಫೀಸಿಗೆ ಕಳಿಸುತ್ತಾರೆ. ನಾನು ಮನೆಯಲ್ಲೇ ಕೂತು ಅದರ ಕಲೆ ಕೊಳೆ ಒರೆಸಿ, ಗೆರೆಗಳ ಮೇಲೆ ಹೊಸ ಗೆರೆ ಎಳೆದು, ಉಪಗ್ರಹದ ಚಿತ್ರದೊಡನೆ ತಾಳೆ ನೋಡಿ ವಾಪಸು ಕಳಿಸಬೇಕು. ಆ ಹಾಳೆಯನ್ನು ಹಳ್ಳಿಯ ಕಚೇರಿಯಲ್ಲಿ ನೇತುಹಾಕುತ್ತಾರೆ. ತಕರಾರಿದ್ದವರು ಗಡುವಿನೊಳಗೆ ಬರೆದುಕೊಡಬೇಕು. ಗಡುವು ಮುಗಿದರೆ ಹಾಳೆಯಲ್ಲಿ ಇರುವುದೇ ಕಾಯಂ.

ಈ ವಿದ್ಯೆ ನಾನು ಕಲಿತದ್ದು ಮೈಸೂರಿನಲ್ಲಿ, ಒಬ್ಬ ಮುದುಕ ಸರ್ವೆಯರ ಕೈಕೆಳಗೆ. ಅವರಲ್ಲಿದ್ದ ಹಳೆಯ ನಕ್ಷೆಗಳೆಲ್ಲ ಬಟ್ಟೆಗೆ ಅಂಟಿಸಿದವು. ನಾಲ್ಕಾಗಿ ಮಡಿಸಿಟ್ಟು ಮಡಿಸಿಟ್ಟು ಮಡಿಕೆಯ ಉದ್ದಕ್ಕೂ ಕಾಗದ ಸವೆದು, ಬಟ್ಟೆಯ ನೂಲು ಚುಕ್ಕಿ ಚುಕ್ಕಿಯಾಗಿ ಎದ್ದು ಕಾಣುತ್ತಿತ್ತು. ಹೊಸಬರು ಅದನ್ನು ಕಾಲುದಾರಿ ಎಂದುಕೊಂಡು ಗೆರೆ ಎಳೆದರೆ ಸರ್ವೆಯರು ಹಾಳೆಯನ್ನೇ ಕಿತ್ತುಕೊಳ್ಳುತ್ತಿದ್ದರು. "ಹಾಳೆ ತೊಳ್ಯೋದು ಕಲೀರಿ ಮೊದ್ಲು, ಗೆರೆ ಎಳ್ಯೋದು ಆಮೇಲೆ" ಎನ್ನುತ್ತಿದ್ದರು. ತೊಳೆಯುವುದು, ಅಂದರೆ ಇಂಥ ಸುಳ್ಳು ಗುರುತು ಅಳಿಸುವುದರಲ್ಲಿ, ಅವರ ಶಿಷ್ಯರ ಪೈಕಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ನನ್ನ ಗಂಡ ಔಷಧಿ ಕಾರ್ಖಾನೆಯ ಎಂಜಿನಿಯರ್. ಮಗಳಿಗೆ ಆರು ವರ್ಷವಿದ್ದಾಗ ಮೂವರೂ ಇಲ್ಲಿಗೆ ಬಂದೆವು. ಮೂರು ವರ್ಷದ ಹಿಂದೆ ಕಂಪೆನಿ ಅವರನ್ನು ಗಡಿಯಾಚೆ ಕಂಪಾಲಾದ ಹೊಸ ಘಟಕಕ್ಕೆ ಎತ್ತಿಹಾಕಿತು. ತಿಂಗಳಿಗೊಮ್ಮೆ ಬರುತ್ತಾರೆ, ಎರಡು ದಿನ ನಿದ್ದೆ ಮಾಡುತ್ತಾರೆ, ಹೋಗುತ್ತಾರೆ. ಮಗಳು ಓದಲು ಕೆನಡಾಕ್ಕೆ ಹೋದಳು. ಫೋನಿನಲ್ಲಿ "ಊಟ ಆಯ್ತೇನೇ?" ಎಂದರೆ "ಯಾ ಅಮ್ಮಾ, ಗಾಟ್ ಟು ಗೋ" ಎನ್ನುತ್ತಾಳೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುವುದರಿಂದ ಹೆಚ್ಚು ಕೇಳುವುದಿಲ್ಲ.

ನಮ್ಮ ಕಡೆಯ ಹೆಂಗಸರು ಸ್ಪ್ರಿಂಗ್ ವ್ಯಾಲಿ ಬಡಾವಣೆಯ ಒಬ್ಬರ ಮನೆಯಲ್ಲಿ ಆಗಾಗ ಸೇರುತ್ತಾರೆ. ಎರಡು ಸಲ ಹೋಗಿದ್ದೆ. "ಯಜಮಾನ್ರು ಇನ್ನೂ ಕಂಪಾಲಾದಲ್ಲೇನಾ? ನೀವೊಬ್ರೇನಾ? ಬೋರ್ ಆಗಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಆಚೆ ಪಕ್ಕ ಕೂತವರೊಡನೆ ತುಳುವಿನಲ್ಲಿ ಮಾತಿಗಿಳಿದರು ಒಬ್ಬರು. ಚಕ್ಕುಲಿ ಚೆನ್ನಾಗಿತ್ತು. ಮೂರನೇ ಸಲ ತಲೆನೋವು ಎಂದು ಮೆಸೇಜ್ ಹಾಕಿದೆ, ಆಮೇಲೆ ಅವರು ಕರೆಯುವುದನ್ನು ಬಿಟ್ಟರು. ವಾರಕ್ಕೆರಡು ದಿನ ಮನೆಗೆಲಸಕ್ಕೆ ಬರುವಾಕೆ ಬೆಳಿಗ್ಗೆ ಹೇಳಿದ್ದಕ್ಕೆಲ್ಲ "ಸವಾ" ಎಂದು ಒಪ್ಪಿ, ಹೋಗುವಾಗ "ಅಸಾಂಟೆ" ಎಂದು ವಂದನೆ ಹೇಳುತ್ತಾಳೆ. ಉಳಿದ ದಿನಗಳಲ್ಲಿ ಈ ಮನೆಯಲ್ಲಿ ಮಾತೆಂಬುದೇ ಇಲ್ಲ.

ಹಾಗಾಗಿ ನಾನು ಆ ಹಳ್ಳಿಯಲ್ಲಿದ್ದೆ ಎಂದರೆ ತಪ್ಪಲ್ಲ. ಬೇರೆ ಹಳ್ಳಿಗಳು ವಾರದಲ್ಲಿ ಮುಗಿದು ಹೋಗುತ್ತಿದ್ದವು. ಇದು ದೊಡ್ಡ ಗುಡ್ಡಕ್ಕೆ ಒರಗಿದ್ದು, ಹಾಳೆಗಳು ಹೆಚ್ಚು, ಐದು ತಿಂಗಳು ಹಿಡಿಯಿತು. ಸುಣ್ಣಕಲ್ಲಿನ ಗುಡ್ಡ. ಅದರ ನೆತ್ತಿಯಲ್ಲಿ ಮೋಟು ಗೋಪುರದ ಚರ್ಚು, ಅದಕ್ಕೆ ಅಂಟಿಕೊಂಡು ಸ್ಮಶಾನ. ಒಂದು ಕಾಲದಲ್ಲಿ ಅಲ್ಲಿ ಕೋಟೆ ಇತ್ತಂತೆ. ಈಗ ಉಳಿದಿರುವುದು ಒಂದು ಗೋಡೆಯ ಮೂಲೆ ಮಾತ್ರ, ಮಿಕ್ಕ ಕಲ್ಲನ್ನೆಲ್ಲ ಊರವರು ಹೊತ್ತು ತಂದು ಮನೆ ಕಟ್ಟಿಕೊಂಡಿದ್ದಾರೆ. ಗುಡ್ಡದ ದಕ್ಷಿಣಕ್ಕೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿತೋಟ, ಉತ್ತರಕ್ಕೂ ತೋಟದ ಅಂಚಿನುದ್ದಕ್ಕೂ ಅಕ್ರೋಟು ಮರಗಳು. ಕೆಳಗೆ ಒಂದು ಹೊಳೆ ಊರನ್ನು ಅರ್ಧ ಸುತ್ತಿ ಹೋಗುತ್ತದೆ, ಅದರ ದಂಡೆಯಲ್ಲಿ ಹಾಳುಬಿದ್ದ ಹಿಟ್ಟಿನ ಗಿರಣಿ. ಅದರಾಚೆ ಹಂಚಿನ ಮಾಡಿನ ಕೆಳಗೆ ಕಲ್ಲಿನ ತೊಟ್ಟಿ. ಹೆಂಗಸರು ಹಿಂದೆ ಸಾಲಾಗಿ ಮಂಡಿಯೂರಿ ಬಟ್ಟೆ ಒಗೆಯುತ್ತಿದ್ದ ಜಾಗ. ನಕ್ಷೆಗಳ ಜೊತೆ ಬಂದ ಹಳೆಯ ಪೋಸ್ಟ್‌ಕಾರ್ಡಿನಲ್ಲಿ ಅವರ ಬೆನ್ನುಗಳು ಕಾಣುತ್ತವೆ, ಒಂದು ಮುಖವೂ ಕಾಣುವುದಿಲ್ಲ.

ತೊಟ್ಟಿಯ ಹಿಂದೆ ಒಂದೇ ಒಂದು ಮನೆ. ಉಪಗ್ರಹದ ಚಿತ್ರದಲ್ಲಿ ಆ ಮನೆಯ ಅಂಗಳದ ಹಗ್ಗದ ಮೇಲೆ ಬಿಳಿ ಬಟ್ಟೆ ಒಣಗುತ್ತಿತ್ತು. ಚಿತ್ರ ತೆಗೆದ ದಿನದ ಬಟ್ಟೆ ಅದು, ಐದು ತಿಂಗಳೂ ಒಣಗುತ್ತಲೇ ಇತ್ತು. ಮೂರೇ ಮೂರು ಬಟ್ಟೆ. ಒಬ್ಬಂಟಿ ಮನೆ ಇದು ಎಂದು ನನಗೆ ಮೊದಲ ದಿನವೇ ಗೊತ್ತಾಯಿತು. ಮಧ್ಯಾಹ್ನ ಊಟ ತಟ್ಟೆಗೆ ಹಾಕಿಕೊಂಡು ಬಂದು ಆ ಮನೆಯನ್ನು ದೊಡ್ಡದು ಮಾಡಿ ನೋಡುತ್ತಾ ಉಣ್ಣುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಜ.

ಹಾಳೆಗಳನ್ನು ಕಳಿಸಿ ಒಂದೂವರೆ ತಿಂಗಳಾಗಿತ್ತು. ಕಳಿಸಿದ ಮೇಲೂ ಆ ಹಳ್ಳಿ ನನ್ನ ಕಂಪ್ಯೂಟರಿನಲ್ಲಿ ತೆರೆಯುತ್ತಿತ್ತು, ದಿನಾ ಹೋಗಿ ಬರುತ್ತಿದ್ದೆ. ಒಂದು ಸೋಮವಾರ ನಮ್ಮ ಮ್ಯಾನೇಜರ್ ಒಂದು ತಕರಾರು ಅರ್ಜಿ ಕಳಿಸಿದ. ಬೆಂಗಳೂರಿನ ಹುಡುಗ, ಕಂಪೆನಿ ಪೋಸ್ಟಿಂಗ್ ಮೇಲೆ ಬಂದವನು, ನನ್ನ ಅರ್ಧ ವಯಸ್ಸು. ಅರ್ಜಿ ಬರೆದಾಕೆ ತೊಟ್ಟಿಯ ಹಿಂದಿನ ಮನೆಯವಳು. ಮುದುಕಿ. ತನ್ನ ಅಂಗಳದಿಂದ ದ್ರಾಕ್ಷಿತೋಟದ ಅಂಚಿನಲ್ಲಿ ಚರ್ಚಿಗೆ ಹತ್ತುವ ಕಾಲುದಾರಿ ಹೊಸ ನಕ್ಷೆಯಲ್ಲಿ ಇಲ್ಲ. ತೋಟ ಕೊಂಡ ಹೊಸ ಮಾಲೀಕ ನಕ್ಷೆ ತೋರಿಸಿ, ದಾರಿಯೇ ಇಲ್ಲವಲ್ಲ ಎಂದು ಕಂಬ ನೆಟ್ಟಿದ್ದಾನೆ, ಗಡುವು ಮುಗಿದ ಕೂಡಲೇ ತಂತಿ ಎಳೆಯುತ್ತಾನೆ. ಡಾಂಬರು ರಸ್ತೆ ಗುಡ್ಡವನ್ನೆಲ್ಲ ಸುತ್ತಿ ಬರುತ್ತದೆ, ತನ್ನ ಮಂಡಿಯಲ್ಲಿ ಅಷ್ಟು ದೂರ ನಡೆಯಲಾಗುವುದಿಲ್ಲ. ಬ್ರೆಡ್ಡಿನ ಗಾಡಿ ನಿಲ್ಲುವುದು ಮೇಲೆ, ಗಂಡನನ್ನು ಮಣ್ಣು ಮಾಡಿರುವುದೂ ಮೇಲೆ. ದಿನಾ ಒಂದು ಸಲ ಹತ್ತಿ ಬರುತ್ತೇನೆ, ಅಲ್ಲಿಯಷ್ಟೇ ನನಗೆ ಮನುಷ್ಯರು ಸಿಗುವುದು ಎಂದು ಬರೆದಿದ್ದಳು.

ಗಡುವು ಶುಕ್ರವಾರಕ್ಕೆ ಮುಗಿಯುತ್ತಿತ್ತು.

ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಹಾಳೆಯಲ್ಲಿ ತಪ್ಪು ಹಿಡಿಯಲು ಇವಳ್ಯಾರು ಎಂದುಕೊಂಡು ಹಳೆಯ ಸ್ಕ್ಯಾನನ್ನು ತೆರೆದೆ, ಕಲೆ ಒರೆಸುವ ಮೊದಲಿನದನ್ನು. ತೊಟ್ಟಿಯಿಂದ ಚರ್ಚಿಗೆ ಹಾಳೆಯ ಒಂದು ಮಡಿಕೆ ನೇರ ಹಾದುಹೋಗಿತ್ತು. ಮಡಿಕೆಯ ಮೇಲೆ ಚುಕ್ಕಿಗಳು. ಅದು ಬಟ್ಟೆಗೆ ಅಂಟಿಸಿದ ಹಾಳೆಯಲ್ಲ, ಬರಿಯ ದಪ್ಪ ಕಾಗದ. ನೂಲು ಏಳಲು ಅಲ್ಲಿ ನೂಲೇ ಇರಲಿಲ್ಲ. ದೊಡ್ಡದು ಮಾಡಿ ನೋಡಿದೆ. ಪ್ರತಿ ಚುಕ್ಕಿಯೂ ಶಾಯಿಯದು. ಇನ್ನೂರು ವರ್ಷದ ಹಿಂದೆ ಯಾರೋ ಕೂತು ಒಂದೊಂದಾಗಿ ಇಟ್ಟ ಚುಕ್ಕಿಗಳನ್ನು ನಾನು ಮೈಸೂರಿನ ಅಭ್ಯಾಸದಲ್ಲಿ ಮಡಿಕೆಯ ಸವೆತವೆಂದು ಒಂದೇ ಏಟಿಗೆ ಒರೆಸಿ ಬಿಸಾಡಿದ್ದೆ. ಅಲ್ಲಿ ಅಕ್ರೋಟು ಮರಗಳು ಒತ್ತಾಗಿರುವುದರಿಂದ ಉಪಗ್ರಹಕ್ಕೂ ದಾರಿ ಕಂಡಿಲ್ಲ.

ಐದು ತಿಂಗಳು ಯಾರ ಅಂಗಳ ನೋಡುತ್ತಾ ಅನ್ನ ಉಂಡೆನೋ ಅವಳನ್ನೇ ಅಂಗಳದಲ್ಲಿ ಕೂಡಿಹಾಕಿದ್ದೆ.

ಮ್ಯಾನೇಜರಿಗೆ ಫೋನ್ ಮಾಡಿದೆ.

"ಮೇಡಂ, ಅದಕ್ಯಾಕೆ ಟೆನ್ಷನ್? ಫಾರ್ಮ್ಯಾಟ್ ಇದ್ಯಲ್ಲ. ಹಳೇ ಶೀಟಲ್ಲಿ ದಾರಿ ಕಂಡಿಲ್ಲ ಅಂತ ಟಿಕ್ ಹಾಕಿ, ಕ್ಲೋಸ್ ಮಾಡಿ."

"ದಾರಿ ಇದೆ ಕಣಪ್ಪ. ನಾನೇ ಒರೆಸಿದೀನಿ."

"ಮೇಡಂ, ಹಾಗಂತ ಬರೆದ್ರೆ ಅದು ಕ್ಲೀನಿಂಗ್ ಎರರ್ ಆಗತ್ತೆ. ನೀವು ಮಾಡಿರೋ ಎಲ್ಲಾ ಶೀಟ್ಸೂ ರೀಚೆಕ್ ಮಾಡ್ಸ್ತಾರೆ. ಅಲ್ಲೀವರ್ಗೂ ನಿಮ್ಗೆ ಹೊಸ ವರ್ಕ್ ಕೊಡಕ್ಕಾಗಲ್ಲ ನಂಗೆ. ಆ ವಿಲೇಜ್ ಆಕ್ಸೆಸ್ಸೂ ಹೋಗತ್ತೆ. ಯೋಚ್ನೆ ಮಾಡಿ."

"ಏನು ಯೋಚ್ನೆ ಮಾಡ್ಲಿ? ಆ ಮುದುಕಿ ಬ್ರೆಡ್ಡಿಗೆ ಏನ್ ಮಾಡ್ಬೇಕು, ನೀನು ಹೋಗಿ ಕೊಡ್ತೀಯಾ?"

"ನಂಗ್ಯಾಕೆ ಬೈತೀರಾ ಮೇಡಂ" ಎಂದ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಮೇಲಿನ ಮಾತನ್ನು ಓದಿದರೆ ನಾನು ದೊಡ್ಡ ಧೀರೆ ಎನಿಸಬಹುದು. ಹಾಗೇನಿಲ್ಲ. ಫೋನಿಟ್ಟ ಮೇಲೆ ಎರಡು ದಿನ ಏನೂ ಮಾಡದೆ ಕೂತಿದ್ದೆ. ಕೆಲಸ ಹೋಗುತ್ತದೆ ಎಂದಲ್ಲ. ಆ ಹಳ್ಳಿ ಹೋದರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ? ಗಂಡನಿಗೆ ಹೇಳೋಣವೆಂದು ಕಂಪಾಲಾಕ್ಕೆ ಫೋನ್ ಮಾಡಿದೆ. "ಮೀಟಿಂಗಲ್ಲಿದೀನಿ, ಅರ್ಜೆಂಟಾ?" ಎಂದರು. ಇಲ್ಲ ಎಂದೆ. ಅವರು ವಾಪಸು ಮಾಡಲಿಲ್ಲ, ನಾನೂ ಮಾಡಲಿಲ್ಲ.

ಗುರುವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಕೂತೆ. ತಕರಾರಿಗೆ ಉತ್ತರ ಬರೆದೆ: ಹಳೆಯ ನಕ್ಷೆಯಲ್ಲಿ ಕಾಲುದಾರಿ ಸ್ಪಷ್ಟವಾಗಿದೆ, ಅದನ್ನು ಮಡಿಕೆಯ ಗುರುತೆಂದು ತಿಳಿದು ಅಳಿಸಿದವಳು ನಾನು, ತಪ್ಪು ನನ್ನದು. ಆಮೇಲೆ ಹಾಳೆ ತೆರೆದು ದಾರಿಯನ್ನು ಹಾಕತೊಡಗಿದೆ. ಕಂಪ್ಯೂಟರಿಗೆ ಹೇಳಿದರೆ ಅದೇ ಚುಕ್ಕಿಗೆರೆ ಎಳೆದುಕೊಡುತ್ತದೆ. ನನಗೆ ಮನಸ್ಸು ಬರಲಿಲ್ಲ. ಅವಳ ಅಂಗಳದಿಂದ ಶುರುಮಾಡಿ, ತೊಟ್ಟಿಯ ಪಕ್ಕ, ತೋಟದ ಅಂಚು, ಸ್ಮಶಾನದ ಸಣ್ಣ ಬಾಗಿಲವರೆಗೆ ಒಂದೊಂದೇ ಚುಕ್ಕಿ ಇಟ್ಟೆ. ಹಳೆಯ ಹಾಳೆಯ ಚುಕ್ಕಿಯ ಮೇಲೆ ನನ್ನ ಚುಕ್ಕಿ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಕಳಿಸಿದೆ. ಸಂಜೆ ತೆರೆಯಲು ನೋಡಿದರೆ ಆ ಹಳ್ಳಿ ತೆರೆಯಲಿಲ್ಲ.

ಅದಾಗಿ ಮೂರು ವಾರ ಕೆಲಸವಿರಲಿಲ್ಲ. ಒಂದು ದಿನ ಸುಮ್ಮನೆ ಜನ ತುಂಬಿದ ಮಟಾಟು ವ್ಯಾನು ಹತ್ತಿ ಊರಿನ ಇನ್ನೊಂದು ತುದಿಯ ಕಸರಾನಿಯವರೆಗೆ ಹೋಗಿ, ಅದೇ ಮಟಾಟುವಿನಲ್ಲಿ ವಾಪಸು ಬಂದೆ. ಪಕ್ಕದಲ್ಲಿ ಕೂತಿದ್ದಾಕೆ ಮಗುವನ್ನು ನನ್ನ ತೊಡೆಯ ಮೇಲೆ ಬಿಟ್ಟು ಚೀಲ ಸರಿಮಾಡಿಕೊಂಡಳು. ಅವಳು ಇಳಿದು ಹೋದ ಮೇಲೆ ನನಗೆ ಅಳು ಬಂತು. ಯಾಕೆಂದು ಬಿಡಿಸಿ ಹೇಳುವಂಥದ್ದೇನಿಲ್ಲ, ಮಗು ಬೆಚ್ಚಗಿತ್ತು ಅಷ್ಟೆ.

ಮೊನ್ನೆ ಮ್ಯಾನೇಜರ್ ಫೋನ್ ಮಾಡಿದ.

"ಮೇಡಂ, ಆ ಪಾತ್ ಅಪ್ರೂವ್ ಆಯ್ತು. ಕಂಬ ಕಿತ್ತಿದಾರಂತೆ. ನಿಮ್ ರೀಚೆಕ್ಕೂ ಮುಗೀತಾ ಬಂತು, ಬೇರೇನೂ ಮಿಸ್ಟೇಕ್ ಸಿಕ್ಕಿಲ್ಲ. ಮತ್ತೆ ಆ ಲೇಡಿ, ಆ ಅಜ್ಜಿ, ಅಲ್ಲಿನ ಕ್ಲರ್ಕ್ ಹತ್ರ ಒಂದ್ ಕ್ವೆಶ್ಚನ್ ಕಳ್ಸಿದಾರೆ. ಫನ್ನಿಯಾಗಿದೆ, ನಿಮ್ಗೆ ಫಾರ್ವರ್ಡ್ ಮಾಡ್ತೀನಿ. ಏನಾದ್ರೂ ರಿಪ್ಲೈ ಹಾಕ್ಬಿಡಿ."

ಬೈಗುಳವೇ ಇರಬೇಕು, ಇರಲಿ, ತಿನ್ನಬೇಕಾದದ್ದೇ ಎಂದುಕೊಂಡು ತೆರೆದೆ. ಗುಮಾಸ್ತ ಇಂಗ್ಲಿಷಿನಲ್ಲಿ ಬರೆದಿದ್ದ. ದಾರಿ ಅಳಿಸಿದ್ದೂ ಮತ್ತೆ ಹಾಕಿದ್ದೂ ನೈರೋಬಿಯಲ್ಲಿರುವ ಒಬ್ಬ ಭಾರತೀಯ ಹೆಂಗಸು ಎಂದು ತಿಳಿದ ಮೇಲೆ ಅಜ್ಜಿ ಬಹಳ ಹೊತ್ತು ಯೋಚಿಸಿದಳಂತೆ. ಅಷ್ಟು ದೂರದ ಊರಿನಲ್ಲಿ ಆಕೆಗೆ ಜೊತೆಗೆ ಯಾರಿದ್ದಾರೆ ಎಂದು ಕೇಳಿ ಬರೆಯಲು ಹೇಳಿದ್ದಾಳೆ.

ಗಂಡ ಇದ್ದಾರೆ, ಮಗಳಿದ್ದಾಳೆ, ನಮ್ಮ ಭಾಷೆಯವರು ಬೇಕಾದಷ್ಟು ಜನ ಇದ್ದಾರೆ ಎಂದು ಬರೆದೆ. ಸ್ಪ್ರಿಂಗ್ ವ್ಯಾಲಿಯ ಚಕ್ಕುಲಿಯ ವಿಷಯವನ್ನೂ ಬರೆದೆ. ಓದಿ ನೋಡಿದೆ. ಆ ಮುದುಕಿಗೆ ಇನ್ನೊಂದು ಸಲ ತಪ್ಪು ಹಾಳೆ ಕಳಿಸುವುದೇ ಎನಿಸಿತು. ಎಲ್ಲ ತೆಗೆದು, ಇಲ್ಲಿ ನನಗೆ ಯಾರೂ ಇಲ್ಲ ಎಂದು ಬರೆದು ಕಳಿಸಿದೆ.